ಫಿಟ್ಟರ್ ಒಬ್ಬನೇ, ಫೈಲು ಮೂರು

ನೋಡಪ್ಪ, ನಿಮ್ಮ ಕಾರ್ಖಾನೆಯಲ್ಲಿ ಗುಣಮಟ್ಟದ ಐಎಸ್‌ಒ 9001, ಪರಿಸರದ 14001, ಕೆಲಸಗಾರರ ಸುರಕ್ಷತೆಯ 45001 ಮೂರನ್ನೂ ಒಂದು ಮಾಡುವ ಹೊಣೆ ನಿನ್ನ ಹೆಗಲಿಗೆ ಬಂದಿದೆ ಅಂದೆಯಲ್ಲ, ಕೇಳಿ ಸಂತೋಷವಾಯಿತು. ಆದರೆ ಮೂರು ಮ್ಯಾನ್ಯುಯಲ್ ಸೇರಿಸಿ ಒಂದೇ ರಟ್ಟು ಹಾಕಿಸಲು ಹೋಗಬೇಡ. ಕೆಲಸ ನಡೆಯುವ ಜಾಗದಿಂದ ಶುರುಮಾಡು.

ನಿಮ್ಮ ಕೆಸರೆಯ ಕೊಳಚೆನೀರು ಶುದ್ಧೀಕರಣ ಘಟಕವನ್ನೇ (ಎಸ್‌ಟಿಪಿ) ನೆನೆಸಿಕೋ. ವಿದ್ಯಾರಣ್ಯಪುರ, ರಾಯನಕೆರೆಯ ಘಟಕಗಳ ಜೊತೆ ಮೈಸೂರಿನ ಒಳಚರಂಡಿ ನೀರನ್ನು ಶುದ್ಧಮಾಡುವುದು ಅದೇ ತಾನೇ? ಅಂಥ ಕಡೆ ಒಂದು ಪಂಪು ಕೆಟ್ಟಿತು ಅಂತಿಟ್ಟುಕೋ. ಹೊರಬಿಡುವ ನೀರಿನಲ್ಲಿ ಬಿಒಡಿ, ಅಂದರೆ ಸಾವಯವ ಕೊಳೆಯ ಅಳತೆ, ಏರಿದರೆ ಗುಣಮಟ್ಟದ ಪ್ರಶ್ನೆ. ಕೊಳಚೆ ಉಕ್ಕಿ ಹೊರಗೆ ಹರಿದರೆ ಪರಿಸರದ್ದು. ರಿಪೇರಿಗೆ ಗುಂಡಿಗಿಳಿದವನಿಗೆ ಹೈಡ್ರೋಜನ್ ಸಲ್ಫೈಡ್ ಬಡಿದರೆ ಪ್ರಾಣದ್ದು. ಮೂರು ವಿಭಾಗದವರು ಮೂರು ಫಾರಂ ಹಿಡಿಸಿದರೆ ಫಿಟ್ಟರ್ ಮೂರಕ್ಕೂ ಸಹಿ ಹಾಕುತ್ತಾನೆ, ಒಂದನ್ನೂ ಓದುವುದಿಲ್ಲ. ಅವನಿಗೆ ಬೇಕಾದದ್ದು ಒಂದು ಹಾಳೆ: ಕರೆಂಟು ತೆಗೆದು ಬೀಗ ಹಾಕಿದವರು ಯಾರು, ಇಳಿಯುವ ಮುಂಚೆ ಗಾಳಿ ಪರೀಕ್ಷೆ ಆಯಿತೇ, ಮೇಲೆ ಕಾವಲು ನಿಂತವರು ಯಾರು, ಅಲ್ಲಿಯವರೆಗೆ ಕೊಳಚೆ ಎಲ್ಲಿಗೆ ಹೋಗಬೇಕು, ಪಂಪು ಓಡಿದ ಮೇಲೆ ನೀರಿನ ಸ್ಯಾಂಪಲ್ ತೆಗೆಯುವವರು ಯಾರು. ನಿಮ್ಮಲ್ಲೂ ಒಂದೊಂದು ಯಂತ್ರದ ಮುಂದೆ ನಿಂತು ಹೀಗೇ ಕೇಳುತ್ತಾ ಹೋಗು.

ಇನ್ನು ಈ ಮೂರು ಐಎಸ್‌ಒ ಮಾನಕಗಳು ಹುಟ್ಟಿದ್ದು ಬೇರೆ ಬೇರೆ ಕಾಲದಲ್ಲಿ, 1987, 1996, 2018ರಲ್ಲಿ. 2012ರಲ್ಲಿ ಐಎಸ್‌ಒ ಇಂಥ ಎಲ್ಲ ಮಾನಕಗಳಿಗೂ ಹತ್ತು ಅಧ್ಯಾಯಗಳ ಒಂದೇ ಚೌಕಟ್ಟು ಗೊತ್ತುಮಾಡಿತು. 2015ರಲ್ಲಿ ಮೊದಲೆರಡು ಅದಕ್ಕೆ ಹೊಂದಿಕೊಂಡವು, 45001 ಅದರಲ್ಲೇ ಹುಟ್ಟಿತು. ಹಾಗಾಗಿ ದಾಖಲೆಗಳ ನಿರ್ವಹಣೆ, ತರಬೇತಿ, ಆಂತರಿಕ ಆಡಿಟ್, ಮ್ಯಾನೇಜ್‌ಮೆಂಟ್ ರಿವ್ಯೂ ಧೈರ್ಯವಾಗಿ ಒಂದು ಮಾಡು.

ಅಪಾಯಗಳ ಪಟ್ಟಿಯಲ್ಲಿ ಮಾತ್ರ ಜೋಪಾನ. ರಿಜೆಕ್ಟ್ ಆದ ಮಾಲಿಗೂ ಮನುಷ್ಯನ ಕೈಗೂ ಒಂದೇ ಅಂಕದ ಕೋಷ್ಟಕ ಹಾಕಿದರೆ, ಗಿರಾಕಿಯ ದೂರು ಮೇಲೆ ಕೂತು ಗಾರ್ಡ್ ಇಲ್ಲದ ಪ್ರೆಸ್ಸು ಕೆಳಗೆ ಜಾರಿಬಿಡುತ್ತದೆ. ಒಟ್ಟುಗೂಡಿಸುವ ಉತ್ಸಾಹದಲ್ಲಿ ಮೊದಲು ಸವೆಯುವುದು ಸುರಕ್ಷತೆಯೇ. ಅದಕ್ಕೆ ಬೇರೆ ಕೋಷ್ಟಕ ಇರಲಿ, ರಿವ್ಯೂನಲ್ಲಿ ಅದೇ ಮೊದಲ ವಿಷಯವಾಗಲಿ. ಸುರಕ್ಷತಾ ಅಧಿಕಾರಿ ಕೆಲಸ ನಿಲ್ಲಿಸಿ ಅಂದರೆ ಪ್ರೊಡಕ್ಷನ್‌ನವರು ಎದುರಾಡುವಂತಿಲ್ಲ ಎಂದು ಬರೆದೇ ಇಡು, ಮಾಲೀಕರ ಸಹಿ ಹಾಕಿಸು.

ಫಿಟ್ಟರ್ ಕೈಗೆ ಕೊಡುವ ಹಾಳೆಯ ಭಾಷೆ ಕನ್ನಡವಾಗಿರಲಿ. ಆಡಿಟರ್‌ಗೆ ತೋರಿಸುವ ಮುಂಚೆ ರಾತ್ರಿ ಪಾಳಿಯವರಿಗೆ ಓದಿ ಹೇಳು. ಅವರು ಎಲ್ಲಿ ತಡೆದು ‘ಇದು ಹಿಂಗಾಗಲ್ಲ ಸಾರ್’ ಅಂತಾರೋ ಅಲ್ಲಿ ತಿದ್ದು.