ದೇವಾಲಯದಲ್ಲಿ ಪ್ರಶ್ನೆ ಕೇಳಿದ ಬಾಲಕ



ದೃಢೀಕರಣ ಸಂಸ್ಕಾರದ ದಿನವನ್ನು ನೆನಪಿಗೆ ತಂದುಕೊಳ್ಳಿ. ಮಕ್ಕಳು ಹೊಸ ಬಟ್ಟೆ ತೊಟ್ಟು, ಕೈಮುಗಿದು, ಸಾಲಾಗಿ ಧರ್ಮಾಧ್ಯಕ್ಷರ ಮುಂದೆ ಬರುತ್ತಾರೆ. ಹಣೆಯ ಮೇಲೆ ಪವಿತ್ರ ತೈಲದ ಮುದ್ರೆ ಬೀಳುತ್ತದೆ. ಫೋಟೋ ತೆಗೆಸುತ್ತೇವೆ, ನೆಂಟರಿಗೆ ಊಟ ಹಾಕುತ್ತೇವೆ. ಒಂದೆರಡು ವರ್ಷ ಕಳೆದ ಮೇಲೆ ನೋಡಿದರೆ ಆ ಸಾಲಿನ ಎಷ್ಟೋ ಮುಖಗಳು ಭಾನುವಾರದ ಬಲಿಪೂಜೆಯಲ್ಲಿ ಕಾಣುವುದಿಲ್ಲ.

ಏಕೆ ಎಂದು ಕೇಳಿದರೆ ಪಾಲಕರು ಹೇಳುವ ಕಾರಣಗಳು ನಮಗೆಲ್ಲ ಬಾಯಿಪಾಠವಾಗಿವೆ: ಟ್ಯೂಷನ್, ಪರೀಕ್ಷೆ, ಗೆಳೆಯರ ಸಹವಾಸ, ಮೊಬೈಲು. ಇವೆಲ್ಲ ನಿಜವೇ. ಆದರೆ ನಾವು ಅಷ್ಟಾಗಿ ಮಾತನಾಡದ ಇನ್ನೊಂದು ಕಾರಣವಿದೆ. ಆ ಮಕ್ಕಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟಿತ್ತು. ಅದನ್ನು ಅವರು ಮನೆಯಲ್ಲೋ ಧರ್ಮೋಪದೇಶದ ತರಗತಿಯಲ್ಲೋ ಕೇಳಿದರು. ಯಾರೂ ಕಿವಿಗೊಡಲಿಲ್ಲ.

ಇದನ್ನು ನಿಮಗೆ ಬೋಧಿಸುವ ಮುನ್ನ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬನ ತಾಯಿ ಕಾಯಿಲೆಯಿಂದ ತೀರಿಕೊಂಡರು. ಅವರಿಗಾಗಿ ಊರಿಗೆ ಊರೇ ಜಪಸರ ಪ್ರಾರ್ಥಿಸಿತ್ತು. ಮುಂದಿನ ತಿಂಗಳು ತರಗತಿಯಲ್ಲಿ ನಾನು ಪ್ರಾರ್ಥನೆಯ ಬಗ್ಗೆ ಪಾಠ ಮಾಡುತ್ತಿದ್ದಾಗ ಆ ಹುಡುಗ ಎದ್ದು ನಿಂತ. "ಫಾದರ್, ಅಮ್ಮನಿಗೋಸ್ಕರ ಎಲ್ಲರೂ ಪ್ರಾರ್ಥನೆ ಮಾಡಿದ್ವಲ್ಲ, ದೇವರು ಯಾಕೆ ಕೇಳಲಿಲ್ಲ?" ಎಂದ. ಮಕ್ಕಳೆಲ್ಲ ನನ್ನ ಮುಖ ನೋಡಿದರು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. "ದೇವರ ಚಿತ್ತವನ್ನು ಹಾಗೆಲ್ಲ ಪ್ರಶ್ನೆ ಮಾಡಬಾರದು, ಕೂತ್ಕೊ" ಎಂದುಬಿಟ್ಟೆ. ಅವನು ಕುಳಿತ. ಮುಂದಿನ ಭಾನುವಾರ ಬರಲಿಲ್ಲ. ಆಮೇಲೂ ಬರಲಿಲ್ಲ.

ಹನ್ನೆರಡು ವರ್ಷದ ಯೇಸು

ಸಂತ ಲೂಕರ ಶುಭಸಂದೇಶದ ಎರಡನೇ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ತೆರೆದು ಓದಿ. ಪಾಸ್ಕಹಬ್ಬ ಮುಗಿದು ಎಲ್ಲರೂ ಊರಿಗೆ ಹಿಂದಿರುಗುವಾಗ ಬಾಲಕ ಯೇಸು ಜೆರುಸಲೇಮಿನಲ್ಲೇ ಉಳಿದುಬಿಡುತ್ತಾರೆ. ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಕಳವಳದಿಂದ ಹುಡುಕಿ, ಮೂರು ದಿನಗಳ ಮೇಲೆ ದೇವಾಲಯದಲ್ಲಿ ಅವರನ್ನು ಕಾಣುತ್ತಾರೆ. ಆ ಬಾಲಕ ಅಲ್ಲಿ ಏನು ಮಾಡುತ್ತಿದ್ದರು? ಬೋಧಕರ ನಡುವೆ ಕುಳಿತು ಅವರ ಮಾತುಗಳನ್ನು ಆಲಿಸುತ್ತಿದ್ದರು, ಪ್ರಶ್ನೆಗಳನ್ನು ಕೇಳುತ್ತಿದ್ದರು.

ಲೂಕರ ಶುಭಸಂದೇಶದಲ್ಲಿ ಯೇಸುಸ್ವಾಮಿ ಮೊದಲ ಬಾರಿಗೆ ಬಾಯಿ ತೆರೆಯುವುದೂ ಇದೇ ಸಂದರ್ಭದಲ್ಲಿ. ತಮ್ಮ ತಾಯಿಗೆ ಅವರು ಕೊಡುವ ಉತ್ತರವೂ ಪ್ರಶ್ನೆಯ ರೂಪದಲ್ಲೇ ಇದೆ. ಆ ಮಾತು ತಂದೆತಾಯಿಗೆ ಅರ್ಥವಾಗಲಿಲ್ಲ ಎಂದು ಶುಭಸಂದೇಶ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅರ್ಥವಾಗದಿದ್ದಾಗ ಮರಿಯಮ್ಮ ಏನು ಮಾಡಿದರು? ಮಗನ ಬಾಯಿ ಮುಚ್ಚಿಸಲಿಲ್ಲ. ನಡೆದುದೆಲ್ಲವನ್ನೂ ತಮ್ಮ ಹೃದಯದಲ್ಲಿ ಇಟ್ಟುಕೊಂಡರು. ಮಗನೂ ಅವರೊಡನೆ ನಜರೇತಿಗೆ ಹೋಗಿ ವಿಧೇಯರಾಗಿ ಬಾಳಿದರು, ಜ್ಞಾನದಲ್ಲಿ ಬೆಳೆದರು. ಪ್ರಶ್ನೆ ಕೇಳುವುದೂ ವಿಧೇಯರಾಗಿರುವುದೂ ಒಂದೇ ಮನೆಯಲ್ಲಿ ಕೂಡಿ ಬಾಳಬಲ್ಲವು ಎಂಬುದನ್ನು ಪವಿತ್ರ ಕುಟುಂಬ ನಮಗೆ ತೋರಿಸಿಕೊಟ್ಟಿದೆ.

ಪ್ರಶ್ನೆ ಅವಿಶ್ವಾಸವಲ್ಲ

"ಹೀಗೆಲ್ಲ ಕೇಳುವುದು ಪಾಪವಲ್ಲವೇ?" ಎಂದು ಕೆಲವು ತಾಯಂದಿರು ಹೆದರುತ್ತಾರೆ. ಹೆದರಬೇಡಿ. 1845ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದ, 2019ರಲ್ಲಿ ಸಂತರೆಂದು ಘೋಷಿಸಲ್ಪಟ್ಟ ಕಾರ್ಡಿನಲ್ ಜಾನ್ ಹೆನ್ರಿ ನ್ಯೂಮನ್‌ರವರು ಈ ವಿಷಯದಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ತಿಳಿಸಿದ್ದಾರೆ. ವಿಶ್ವಾಸದ ಸತ್ಯವೊಂದು ಅರ್ಥವಾಗದೆ ಕಷ್ಟಪಡುವುದು ಬೇರೆ, ಆ ಸತ್ಯವನ್ನೇ ಸಂಶಯಿಸುವುದು ಬೇರೆ. ಮೊದಲನೆಯದು ಎಷ್ಟೇ ಹೆಚ್ಚಿದರೂ ತಾನಾಗಿ ಎರಡನೆಯದಾಗುವುದಿಲ್ಲ. ಲೆಕ್ಕ ಬಿಡಿಸಲು ಬಾರದ ವಿದ್ಯಾರ್ಥಿ ಗಣಿತವೇ ಸುಳ್ಳು ಎನ್ನುವುದಿಲ್ಲವಷ್ಟೆ.

ಸಂತ ಥಾಮಸ್ ಅಕ್ವಿನಾಸರ ದೊಡ್ಡ ಗ್ರಂಥವಾದ 'ಸುಮ್ಮಾ ಥಿಯೊಲೊಜಿಯೆ'ಯನ್ನು ಗುರುಮಠದಲ್ಲಿ ನಾವು ಓದುತ್ತೇವೆ. ಏಳೂವರೆ ಶತಮಾನಗಳ ಹಿಂದೆ ಬರೆದ ಆ ಗ್ರಂಥದಲ್ಲಿ ಪ್ರತಿಯೊಂದು ಚರ್ಚೆಯೂ ಎದುರು ಪಕ್ಷದ ವಾದಗಳಿಂದಲೇ ಆರಂಭವಾಗುತ್ತದೆ. ದೇವರು ಇದ್ದಾರೆಯೇ ಎಂಬ ಚರ್ಚೆಯಲ್ಲಿ ಅವರು ಮೊದಲು ಮುಂದಿಡುವ ಆಕ್ಷೇಪ ಯಾವುದು ಗೊತ್ತೇ? ದೇವರು ಅಪಾರ ಒಳ್ಳೆಯವರಾಗಿದ್ದರೆ ಲೋಕದಲ್ಲಿ ಕೇಡು ಏಕಿದೆ ಎಂಬುದು. ಎರಡನೆಯದು, ಎಲ್ಲವನ್ನೂ ಪ್ರಕೃತಿಯಿಂದಲೇ ವಿವರಿಸಬಹುದಾದರೆ ದೇವರು ಏಕೆ ಬೇಕು ಎಂಬುದು. ಮೊದಲನೆಯದು ತಾಯಿಯನ್ನು ಕಳೆದುಕೊಂಡ ಆ ಹುಡುಗನ ಪ್ರಶ್ನೆ. ಎರಡನೆಯದು ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುವ ನಿಮ್ಮ ಮಗಳ ಪ್ರಶ್ನೆ. ಧರ್ಮಸಭೆಯ ಮಹಾ ಪಂಡಿತರು ಗೌರವದಿಂದ ಬರೆದಿಟ್ಟು ಉತ್ತರಿಸಿದ ಪ್ರಶ್ನೆಯನ್ನು ನಾನು "ಕೂತ್ಕೊ" ಎಂಬ ಒಂದೇ ಮಾತಿನಿಂದ ಅಡಗಿಸಿದ್ದೆ!

ಇನ್ನೊಂದು ಮಾತು. ದೃಢೀಕರಣದಲ್ಲಿ ಧರ್ಮಾಧ್ಯಕ್ಷರು ಕೈಚಾಚಿ ಪವಿತ್ರಾತ್ಮರ ಏಳು ವರದಾನಗಳಿಗಾಗಿ ಪ್ರಾರ್ಥಿಸುತ್ತಾರೆ. ಅವುಗಳಲ್ಲಿ ವಿವೇಕ, ಗ್ರಹಿಕೆ, ಆಲೋಚನೆ, ಜ್ಞಾನ ಈ ನಾಲ್ಕೂ ಬುದ್ಧಿಗೆ ಸಂಬಂಧಿಸಿದವು ಎಂದು ಅಕ್ವಿನಾಸರು ವಿವರಿಸುತ್ತಾರೆ. ಉಳಿದವು ಧೈರ್ಯ, ಭಕ್ತಿ ಮತ್ತು ದೇವಭಯ. ಪವಿತ್ರಾತ್ಮರೇ ನಿಮ್ಮ ಮಕ್ಕಳ ಬುದ್ಧಿಯನ್ನು ಎಬ್ಬಿಸುತ್ತಿರುವಾಗ ನಾವು ಅದನ್ನು ಮಲಗಿಸಬಹುದೇ?

ಬೆಥಾನಿಯ ಇಬ್ಬರು ಸಹೋದರಿಯರು

ಹಾಗಾದರೆ ಉತ್ತರಿಸುವುದು ಹೇಗೆ? ಸಂತ ಯೊವಾನ್ನರ ಶುಭಸಂದೇಶದ ಹನ್ನೊಂದನೇ ಅಧ್ಯಾಯ ನಮಗೆ ದಾರಿ ತೋರುತ್ತದೆ. ಲಾಸರ ಸತ್ತು ನಾಲ್ಕು ದಿನಗಳಾಗಿವೆ. ಅಕ್ಕತಂಗಿಯರಾದ ಮಾರ್ತಾ ಮತ್ತು ಮರಿಯ ಇಬ್ಬರೂ ಯೇಸುವಿನ ಮುಂದೆ ಇಡುವುದು ಒಂದೇ ದೂರು: ನೀವು ಇಲ್ಲಿದ್ದಿದ್ದರೆ ನಮ್ಮ ಸಹೋದರ ಸಾಯುತ್ತಿರಲಿಲ್ಲ ಎಂದು. ಯೇಸು ಇಬ್ಬರನ್ನೂ ಗದರಿಸಲಿಲ್ಲ. ಆದರೆ ಇಬ್ಬರಿಗೂ ಒಂದೇ ಉತ್ತರವನ್ನೂ ಕೊಡಲಿಲ್ಲ. ಮಾರ್ತಾಳೊಡನೆ ಪುನರುತ್ಥಾನದ ಬಗ್ಗೆ ಮಾತನಾಡಿ ಅವಳನ್ನು ವಿಶ್ವಾಸಕ್ಕೆ ಕರೆದರು. ಮರಿಯಳು ಪಾದಕ್ಕೆ ಬಿದ್ದು ಅತ್ತಾಗ ಸಮಾಧಿ ಎಲ್ಲಿದೆ ಎಂದಷ್ಟೇ ಕೇಳಿ, ತಾವೂ ಕಣ್ಣೀರಿಟ್ಟರು.

ಒಬ್ಬಳಿಗೆ ಬೇಕಾಗಿದ್ದುದು ಬೋಧನೆ, ಇನ್ನೊಬ್ಬಳಿಗೆ ಬೇಕಾಗಿದ್ದುದು ಜೊತೆ. ಮಗು ಪ್ರಶ್ನೆ ಕೇಳಿದಾಗ ಅದು ಮಾರ್ತಾಳ ಪ್ರಶ್ನೆಯೋ ಮರಿಯಳ ಪ್ರಶ್ನೆಯೋ ಎಂಬುದನ್ನು ನಾವು ಮೊದಲು ಅರಿಯಬೇಕು. ಕೇಡಿನಿಂದಲೂ ಒಳ್ಳೆಯದನ್ನು ತರಬಲ್ಲವರಾದ್ದರಿಂದಲೇ ದೇವರು ಕೇಡನ್ನು ತಡೆಯದೆ ಬಿಟ್ಟಿದ್ದಾರೆ ಎಂದು ಸಂತ ಅಗಸ್ಟೀನರ ಮಾತನ್ನು ಅನುಸರಿಸಿ ಅಕ್ವಿನಾಸರು ಉತ್ತರಿಸುತ್ತಾರೆ. ಅದು ಸತ್ಯವಾದ ಉತ್ತರ. ಆದರೂ ತಾಯಿ ಸತ್ತ ತಿಂಗಳಲ್ಲಿ ಮಗನಿಗೆ ಅದನ್ನು ಹೇಳಿದರೆ ಕಲ್ಲು ಕೊಟ್ಟಂತಾಗುತ್ತದೆ.

ತಂದೆತಾಯಂದಿರಿಗೆ

ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದೂ, ತಂದೆತಾಯಂದಿರನ್ನು ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರೆಂದೂ ಕರೆಯಿತು. ಬೋಧಕರೆಂದರೆ ಎಲ್ಲ ಬಲ್ಲವರಾಗಿರಬೇಕಿಲ್ಲ. "ನನಗೂ ಗೊತ್ತಿಲ್ಲ ಕಣಪ್ಪ, ಸ್ವಾಮಿಗಳನ್ನು ಕೇಳೋಣ ಬಾ" ಎಂದು ಹೇಳುವ ತಂದೆ ತನ್ನ ಮರ್ಯಾದೆ ಕಳೆದುಕೊಳ್ಳುವುದಿಲ್ಲ, ಮಗನ ನಂಬಿಕೆ ಗಳಿಸುತ್ತಾನೆ. ಪ್ರಶ್ನೆಗೆ ಸಿಟ್ಟಾಗಬೇಡಿ. ನಕ್ಕು ತಳ್ಳಿಹಾಕಬೇಡಿ. "ಸಿಸ್ಟರ್‌ಗೆ ಹೇಳ್ತೀನಿ ನೋಡು" ಎಂದು ಹೆದರಿಸಬೇಡಿ.

ಮಕ್ಕಳು ನಿಮ್ಮ ಉತ್ತರಗಳಿಗಿಂತ ಹೆಚ್ಚಾಗಿ ನಿಮ್ಮನ್ನು ಗಮನಿಸುತ್ತಾರೆ ಎಂಬುದನ್ನೂ ಮರೆಯಬೇಡಿ. ಮಕ್ಕಳನ್ನು ಪೂಜೆಗೆ ಕಳುಹಿಸಿ ತಾವು ಮನೆಯಲ್ಲಿ ಉಳಿಯುವ ತಂದೆಯ ಬೋಧನೆ ಬಾಗಿಲಿನಿಂದ ಆಚೆಗೆ ಹೋಗುವುದಿಲ್ಲ.

ಯುವಜನರಿಗೆ

ಪ್ರಿಯ ಯುವಕ ಯುವತಿಯರೇ, ಪ್ರಶ್ನೆ ಕೇಳಲು ನಿಮಗೆ ಹಕ್ಕಿದೆ ಎಂದೆ. ಹಕ್ಕಿನ ಜೊತೆಗೆ ಹೊಣೆಯೂ ಇದೆ. ಬಾಲಕ ಯೇಸು ಪ್ರಶ್ನೆ ಕೇಳುವುದರ ಜೊತೆಗೆ ಆಲಿಸುತ್ತಲೂ ಇದ್ದರು. ರಾತ್ರಿ ಹನ್ನೆರಡು ಗಂಟೆಗೆ ಮೊಬೈಲಿನಲ್ಲಿ ಎರಡು ನಿಮಿಷದ ವೀಡಿಯೋ ನೋಡಿ "ಧರ್ಮವೆಲ್ಲ ಸುಳ್ಳು" ಎಂದು ತೀರ್ಮಾನಿಸುವುದು ಆಲಿಸುವುದಲ್ಲ. ಯುವಜನರಿಗಾಗಿಯೇ 2011ರಲ್ಲಿ ಪ್ರಕಟವಾದ 'ಯೂಕ್ಯಾಟ್' ಎಂಬ ಧರ್ಮೋಪದೇಶ ಗ್ರಂಥ 527 ಪ್ರಶ್ನೆಗಳ ರೂಪದಲ್ಲೇ ಇದೆ. ನಿಮ್ಮ ಪ್ರಶ್ನೆ ಅದರಲ್ಲಿ ಇದೆಯೇ ಎಂದು ಹುಡುಕಿ. ಐ.ಸಿ.ವೈ.ಎಂ. ಸಭೆಯಲ್ಲಿ ಅದನ್ನು ಚರ್ಚೆಗಿಡಿ.

ಉತ್ತರ ಸಿಗುವ ತನಕ ಪೂಜೆಗೆ ಬರುವುದಿಲ್ಲ ಎನ್ನಬೇಡಿ. ನಮ್ಮ ಭಾರತಕ್ಕೆ ಶುಭಸಂದೇಶ ತಂದರೆಂದು ನಾವು ಗೌರವಿಸುವ ಪ್ರೇಷಿತ ಸಂತ ತೋಮಾಸರನ್ನು ನೋಡಿ. ಪುನರುತ್ಥಾನಗೊಂಡ ಪ್ರಭು ಮೊದಲ ಸಲ ಬಂದಾಗ ಅವರು ಅಲ್ಲಿರಲಿಲ್ಲ. ಉಳಿದವರು ಹೇಳಿದ್ದನ್ನು ನಂಬಲಿಲ್ಲ. ಆದರೂ ಎಂಟು ದಿನಗಳ ಮೇಲೆ ಅದೇ ಮನೆಯಲ್ಲಿ, ಅದೇ ಗೆಳೆಯರ ನಡುವೆ ಇದ್ದರು. ಸಂಶಯವನ್ನು ಹೊತ್ತುಕೊಂಡೇ ಇದ್ದರು. ಪ್ರಭು ಅವರಿಗೆ ಕಾಣಿಸಿಕೊಂಡದ್ದು ಆ ಸಭೆಯ ನಡುವೆಯೇ. ನಿಮ್ಮ ಪ್ರಶ್ನೆಯನ್ನೂ ಹೊತ್ತುಕೊಂಡು ಬನ್ನಿ. ಕಾಣಿಕೆ ಅರ್ಪಿಸುವ ಹೊತ್ತಿಗೆ ಅದನ್ನೂ ಪೀಠದ ಮೇಲೆ ಇಡಿ.

ಒಂದು ಎಚ್ಚರಿಕೆ: ಪ್ರಶ್ನೆಗೂ ನೆಪಕ್ಕೂ ವ್ಯತ್ಯಾಸವಿದೆ. ಪ್ರಶ್ನೆ ಉತ್ತರವನ್ನು ಹುಡುಕುತ್ತದೆ, ನೆಪ ಉತ್ತರ ಸಿಗದಿರಲಿ ಎಂದು ಹಾರೈಸುತ್ತದೆ. ನಿಮ್ಮಲ್ಲಿರುವುದು ಯಾವುದೆಂದು ದೇವರ ಮುಂದೆ ನೀವೇ ಪರೀಕ್ಷಿಸಿಕೊಳ್ಳಿ.

ಕೊನೆಯದಾಗಿ, ಆ ಹುಡುಗನ ವಿಷಯ. ಕೆಲವು ವರ್ಷಗಳ ಮೇಲೆ ತಾಯಿಯ ವಾರ್ಷಿಕ ಪೂಜೆಗೆ ಹೇಳಲು ಅವನು ನನ್ನ ಬಳಿ ಬಂದ. ಆಗ ಕೆಲಸದಲ್ಲಿದ್ದ. ನಾನು ಅವನ ಕ್ಷಮೆ ಕೇಳಿದೆ. "ಆವತ್ತು ನನಗೆ ಉತ್ತರ ಬೇಕಿರಲಿಲ್ಲ ಫಾದರ್. ಕ್ಲಾಸ್ ಮುಗಿದ ಮೇಲಾದ್ರೂ ಕರೀತೀರಿ ಅಂತ ಗೇಟ್ ಹತ್ರ ನಿಂತಿದ್ದೆ" ಎಂದ. ಅವನು ಈಗಲೂ ಪ್ರತಿ ಭಾನುವಾರ ಬರುವುದಿಲ್ಲ. ಆಗಾಗ ಫೋನ್ ಮಾಡುತ್ತಾನೆ, ಪ್ರಶ್ನೆ ಕೇಳುತ್ತಾನೆ. ನಾನು ಕೇಳಿಸಿಕೊಳ್ಳುತ್ತೇನೆ. ಅವನಿಗಾಗಿ ನೀವೂ ಪ್ರಾರ್ಥಿಸಿ. ನಿಮ್ಮ ಮನೆಯ ಬಾಗಿಲ ಬಳಿ ಹಾಗೆ ಕಾಯುತ್ತಾ ನಿಂತವರು ಯಾರಾದರೂ ಇದ್ದಾರೆಯೇ ಎಂದು ಇಂದೇ ನೋಡಿ.

ಮನೆಮಂದಿ ಕೂಡಿ ಆಲೋಚಿಸಲು

1. ನಮ್ಮ ಮನೆಯಲ್ಲಿ ದೇವರ ಬಗ್ಗೆ ಮಕ್ಕಳು ಕೊನೆಯ ಬಾರಿ ಕೇಳಿದ ಪ್ರಶ್ನೆ ಯಾವುದು? ನಾವು ಏನೆಂದು ಉತ್ತರಿಸಿದೆವು?

2. ಮಾರ್ತಾಳಂತೆ ಬೋಧನೆ ಬೇಕಾಗಿರುವವರು, ಮರಿಯಳಂತೆ ಜೊತೆ ಬೇಕಾಗಿರುವವರು ನಮ್ಮಲ್ಲಿ ಯಾರು?

3. ದೃಢೀಕರಣ ಪಡೆದು ದೂರವಾದ ಒಬ್ಬ ಗೆಳೆಯನನ್ನು ಅಥವಾ ಗೆಳತಿಯನ್ನು ಈ ವಾರ ನಾವು ಹೇಗೆ ಭೇಟಿ ಮಾಡಬಹುದು?