ಅಮಾಕ್ಸಿಸಿಲಿನ್ ನುಂಗುವ ಮುನ್ನ

ನೆಗಡಿ ಬಂತೆಂದರೆ ಮೆಡಿಕಲ್ ಶಾಪಿಗೆ ಹೋಗಿ, ‘ಹೋದ ಸಲ ಕೊಟ್ಟಿದ್ರಲ್ಲ, ಅದೇ ಕ್ಯಾಪ್ಸೂಲ್ ಕೊಡಿ’ ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಮಾಕ್ಸಿಸಿಲಿನ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ನೆಗಡಿ, ಫ್ಲೂ ತರುವ ವೈರಸ್ಸಿಗೆ ಅದರಿಂದ ಏನೂ ಆಗದು. ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ನಿಯಮವೇನೋ ಇದೆ, ಪಾಲಿಸುವವರು ಎಷ್ಟು ಮಂದಿಯೋ!

ಅಮಾಕ್ಸಿಸಿಲಿನ್ ಪೆನಿಸಿಲಿನ್ ಜಾತಿಯದು. ಹಿಂದೆ ಆ ಜಾತಿಯ ಯಾವುದೇ ಔಷಧಿಯಿಂದ ಮೈಮೇಲೆ ಗಂಧೆ ಎದ್ದಿದ್ದರೆ, ತುಟಿ ಊದಿದ್ದರೆ, ವೈದ್ಯರು ಕೇಳಲಿ ಬಿಡಲಿ, ನೀವೇ ಹೇಳಿ. ಮೂತ್ರಪಿಂಡದ ತೊಂದರೆಯಿದ್ದರೆ, ವಾರ್ಫರಿನ್ ಅಥವಾ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಮಾತ್ರೆ ನುಂಗಿದ ಮೇಲೆ ನಾಲಿಗೆ, ಗಂಟಲು ಊದಿ ಉಸಿರು ಕಟ್ಟಿದಂತಾದರೆ ಮನೆಮದ್ದು ಹುಡುಕುತ್ತ ಕೂರದೆ ತಕ್ಷಣ 108ಕ್ಕೆ ಕರೆ ಮಾಡಿ. ಸ್ವಲ್ಪ ಭೇದಿಯಾಗುವುದು ಸಾಮಾನ್ಯ; ರಕ್ತ ಕಂಡರೆ ಮಾತ್ರ ಸುಮ್ಮನಿರಬೇಡಿ.

ಹೆಚ್ಚಿನ ಎಡವಟ್ಟು ಆಗುವುದು ಮಕ್ಕಳ ಸಿರಪ್ಪಿನಲ್ಲಿ. ಪುಡಿಯಿರುವ ಬಾಟಲಿಗೆ ಕಾಯಿಸಿ ಪೂರ್ತಿ ಆರಿಸಿದ ನೀರನ್ನು ಗುರುತಿನ ಗೆರೆಯವರೆಗೆ ಹಾಕಿ ಕುಲುಕಿ. ನೊರೆ ಇಳಿದ ಮೇಲೆ ಮಟ್ಟ ತಗ್ಗಿದ್ದರೆ ಗೆರೆಗೆ ಸರಿಯಾಗಿ ಇನ್ನಷ್ಟು ಸೇರಿಸಿ. ಕೊಡುವ ಮುನ್ನ ಪ್ರತಿ ಸಲವೂ ಕುಲುಕಬೇಕು, ಇಲ್ಲದಿದ್ದರೆ ಔಷಧಿಯೆಲ್ಲ ತಳದಲ್ಲೇ ಉಳಿದೀತು. ಅಡುಗೆಮನೆಯ ಚಮಚ ಬೇಡ, ಅಳತೆಯ ಮುಚ್ಚಳವನ್ನೇ ಬಳಸಿ. ಮಗುವಿನ ತೂಕ ನೋಡಿ ಡೋಸ್ ಬರೆಯುತ್ತಾರೆ. ಅಣ್ಣನಿಗೆ ತಂದದ್ದನ್ನು ತಂಗಿಗೂ ಹಾಕಬೇಡಿ. ಕಲಸಿದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಡಿ. ಲೇಬಲ್ಲಿನಲ್ಲಿ ಹೇಳಿದ ಅವಧಿ, ಸಾಮಾನ್ಯವಾಗಿ 7 ದಿನ, ಮುಗಿದ ಮೇಲೆ ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಫ್ರಿಜ್ಜಿನಲ್ಲಿ ಇಡುವಂತಿಲ್ಲ.