ಆನುವಂಶಿಕ ಚರ್ಮರೋಗಗಳು ಮತ್ತು ಪ್ರಯೋಗಶಾಲೆಯಲ್ಲಿ ಬೆಳೆಸಿದ ಚರ್ಮ

ಮಾನವ ಶರೀರದ ಅವಯವಗಳಲ್ಲಿ ಅತ್ಯಂತ ವಿಸ್ತಾರವಾದುದು ಚರ್ಮ. ಪ್ರಾಯಸ್ಥ ವ್ಯಕ್ತಿಯ ಚರ್ಮವನ್ನು ಹರಡಿದರೆ ಅದು ಸುಮಾರು ಒಂದೂವರೆಯಿಂದ ಎರಡು ಚದರ ಮೀಟರಿನಷ್ಟಾಗುತ್ತದೆ. ಬಿಸಿಲು, ಧೂಳು, ರೋಗಾಣುಗಳಿಂದ ದೇಹವನ್ನು ಕಾಯುವ ಈ ಹೊದಿಕೆಯ ಬೆಲೆ ಅದು ಸುಸ್ಥಿತಿಯಲ್ಲಿರುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ತಾಯಿ ಎತ್ತಿಕೊಂಡ ಮಾತ್ರಕ್ಕೇ ಮೈಚರ್ಮ ಸುಲಿದುಬರುವಂತಹ ಶಿಶುಗಳೂ ಲೋಕದಲ್ಲಿ ಹುಟ್ಟುತ್ತವೆ. ಅಂಗಿಯ ಹೊಲಿಗೆ ಉಜ್ಜಿದರೂ ಸಾಕು, ಅವುಗಳ ಮೈಮೇಲೆ ನೀರುಗುಳ್ಳೆ ಏಳುತ್ತದೆ. ಗುಳ್ಳೆ ಒಡೆದು ಹುಣ್ಣಾಗುತ್ತದೆ. ಈ ವ್ಯಾಧಿಯ ಹೆಸರು ಎಪಿಡರ್ಮೊಲೈಸಿಸ್ ಬುಲ್ಲೋಸಾ. ಇದಕ್ಕೆ ತುತ್ತಾದವರನ್ನು, ಅವರ ಚರ್ಮ ಚಿಟ್ಟೆಯ ರೆಕ್ಕೆಯಷ್ಟು ಸುಕುಮಾರವೆಂಬ ಕಾರಣದಿಂದ, ಪಾಶ್ಚಾತ್ಯ ದೇಶಗಳಲ್ಲಿ 'ಚಿಟ್ಟೆ ಮಕ್ಕಳು' ಎಂದು ಕರೆಯುವುದುಂಟು. ಇದು ಸೋಂಕುರೋಗವಲ್ಲ, ಮುಟ್ಟಿದರೆ ಹರಡುವಂತಹುದೂ ಅಲ್ಲ. ಇದು ಜೀನುಗಳ ಮೂಲಕ ಬರುವ ದೋಷ. ಇಂತಹ ದೋಷಗಳನ್ನು ಅರಿಯಲು ಪ್ರಯೋಗಶಾಲೆಯಲ್ಲಿ ಚರ್ಮವನ್ನೇ ಬೆಳೆಸುವ ವಿದ್ಯೆ ಈಚಿನ ದಶಕಗಳಲ್ಲಿ ಕೈಗೂಡಿದೆ.

ರೋಗದ ಮೂಲ

ಚರ್ಮದಲ್ಲಿ ಹೊರಚರ್ಮ, ಒಳಚರ್ಮ ಎಂಬ ಎರಡು ಮುಖ್ಯ ಪದರಗಳಿವೆ. ಇವೆರಡರ ನಡುವೆ ಒಂದು ತೆಳುವಾದ ಪೊರೆ ಇದೆ. 'ಏಳನೆಯ ಬಗೆಯ ಕೊಲಾಜೆನ್' ಎಂಬ ಪ್ರೋಟೀನಿನಿಂದಾದ ಎಳೆಗಳು ಈ ಪೊರೆಯನ್ನು ಒಳಚರ್ಮಕ್ಕೆ ಹೊಲಿಗೆ ಹಾಕಿದಂತೆ ಬಿಗಿದಿಡುತ್ತವೆ. ಈ ಪ್ರೋಟೀನನ್ನು ತಯಾರಿಸುವ ಜೀನು ಮೂರನೆಯ ವರ್ಣತಂತುವಿನಲ್ಲಿದೆ. ತಂದೆ, ತಾಯಿ ಇಬ್ಬರಿಂದಲೂ ಈ ಜೀನಿನ ದೋಷಯುಕ್ತ ಪ್ರತಿಯೇ ಮಗುವಿಗೆ ಬಂದರೆ ಎಳೆಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ, ಪದರಗಳು ಬೇರ್ಪಡುತ್ತವೆ. ರೋಗದ ಈ ಉಗ್ರರೂಪದಲ್ಲಿ ಹುಣ್ಣುಗಳು ಮಾಯುವಾಗ ಬೆರಳುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಅನ್ನನಾಳ ಕಿರಿದಾಗುತ್ತದೆ, ಯೌವನದಲ್ಲಿಯೇ ಚರ್ಮದ ಕ್ಯಾನ್ಸರ್ ತಲೆದೋರುವ ಭಯವಿರುತ್ತದೆ. ಲ್ಯಾಮಿನಿನ್, ಕೆರಾಟಿನ್ ಮುಂತಾದ ಇತರ ಪ್ರೋಟೀನುಗಳ ಜೀನುಗಳು ಕೆಟ್ಟಾಗ ಇದೇ ರೋಗದ ಬೇರೆ ಬೇರೆ ಬಗೆಗಳು ಕಾಣಿಸಿಕೊಳ್ಳುತ್ತವೆ.

ಅಧ್ಯಯನದ ತೊಡಕು

ಇಂತಹ ರೋಗವನ್ನು ಅಭ್ಯಸಿಸುವುದು ಸುಲಭವಲ್ಲ. ಮೊದಲೇ ಹುಣ್ಣಾದ ಮಗುವಿನ ಮೈಯಿಂದ ಪದೇ ಪದೇ ಚರ್ಮದ ತುಣುಕನ್ನು ಕತ್ತರಿಸುವುದು ನಿರ್ದಯ. ಇಲಿಯ ಚರ್ಮವೋ ತೆಳುವಾದುದು, ದಟ್ಟ ರೋಮಗಳಿಂದ ಕೂಡಿದುದು. ಮೇಲಾಗಿ ಏಳನೆಯ ಬಗೆಯ ಕೊಲಾಜೆನ್ ಸಂಪೂರ್ಣವಾಗಿ ಇಲ್ಲದ ಇಲಿಮರಿಗಳು ಹುಟ್ಟಿದ ಎರಡು ವಾರಗಳೊಳಗೇ ಸಾಯುತ್ತವೆ. ವರ್ಷಗಟ್ಟಲೆ ಕಾಡುವ ರೋಗದ ಗತಿಯನ್ನು ಅವುಗಳಲ್ಲಿ ಗುರುತಿಸುವುದೆಂತು? ಆದುದರಿಂದ ಮಾನವ ಚರ್ಮವನ್ನೇ ದೇಹದ ಹೊರಗೆ ಬೆಳೆಸುವುದು ಅನಿವಾರ್ಯವಾಯಿತು.

ಈ ಕಾರ್ಯಕ್ಕೆ ಭದ್ರವಾದ ತಳಹದಿ ಬಿದ್ದುದು 1975ರಲ್ಲಿ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ ಎಂಬ ವಿಜ್ಞಾನಿಗಳು ಇಲಿಯ ಕೋಶಗಳ ಆಸರೆಯಲ್ಲಿ ಮಾನವ ಹೊರಚರ್ಮದ ಕೋಶಗಳನ್ನು ವೃದ್ಧಿಪಡಿಸಿದರು. 1983ರಲ್ಲಿ ಮೈಯ ಶೇಕಡಾ 95ಕ್ಕೂ ಹೆಚ್ಚು ಭಾಗ ಸುಟ್ಟಿದ್ದ ಇಬ್ಬರು ಬಾಲಕರಿಗೆ, ಅವರವರ ಕೋಶಗಳಿಂದಲೇ ಬೆಳೆಸಿದ ಚರ್ಮವನ್ನು ಬಾಸ್ಟನ್ ನಗರದಲ್ಲಿ ಹೊದಿಸಿ ಜೀವ ಉಳಿಸಲಾಯಿತು. ಹೊರಚರ್ಮದ ತಳಭಾಗದಲ್ಲಿರುವ ಆಕರಕೋಶಗಳೇ, ಎಂದರೆ ಸ್ಟೆಮ್ ಸೆಲ್‌ಗಳೇ, ಈ ಬೆಳವಣಿಗೆಯ ಬೀಜ. ಅವು ತಾವೂ ಉಳಿದು, ಹೊಸ ಕೋಶಗಳನ್ನೂ ಹುಟ್ಟಿಸುತ್ತವೆ.

ಯಾಮಾನಾಕಾ ಅವರ ಶೋಧ

ಎರಡನೆಯ ಮಹತ್ವದ ಹೆಜ್ಜೆ ಜಪಾನಿನದು. ಕ್ಯೋಟೊ ವಿಶ್ವವಿದ್ಯಾಲಯದ ಶಿನ್ಯಾ ಯಾಮಾನಾಕಾ ಮತ್ತು ಅವರ ಸಹೋದ್ಯೋಗಿ ಕಝುತೋಶಿ ತಾಕಾಹಾಶಿ 2006ರಲ್ಲಿ ಇಲಿಯ ಚರ್ಮದ ಕೋಶಗಳಿಗೆ ಕೇವಲ ನಾಲ್ಕು ಜೀನುಗಳನ್ನು ಸೇರಿಸಿ, ಅವುಗಳನ್ನು ಭ್ರೂಣಾವಸ್ಥೆಯ ಕೋಶಗಳಂತೆ ಮಾಡಿದರು. 2007ರಲ್ಲಿ ಮಾನವ ಕೋಶಗಳಲ್ಲಿಯೂ ಇದು ಸಿದ್ಧಿಸಿತು. ಹೀಗೆ ಪಡೆದ ಕೋಶಗಳು ದೇಹದ ಯಾವುದೇ ಬಗೆಯ ಕೋಶವಾಗಿ ಮಾರ್ಪಡಬಲ್ಲವು. 2012ರ ನೊಬೆಲ್ ಪ್ರಶಸ್ತಿಯನ್ನು ಯಾಮಾನಾಕಾ ಅವರು ಜಾನ್ ಗರ್ಡನ್ ಅವರೊಡನೆ ಹಂಚಿಕೊಂಡರು.

ಇದರಿಂದ ಚರ್ಮರೋಗಗಳ ಅಧ್ಯಯನಕ್ಕೆ ಹೊಸ ದಾರಿ ತೆರೆಯಿತು. ರೋಗಿಯಿಂದ ಒಮ್ಮೆ ಚರ್ಮದ ಸಣ್ಣ ಚೂರನ್ನೋ ಸ್ವಲ್ಪ ರಕ್ತವನ್ನೋ ಪಡೆದರೆ ಸಾಕು. ಅದರಿಂದ ಆಕರಕೋಶಗಳನ್ನು ಸಿದ್ಧಪಡಿಸಿ ಬೇಕಾದಷ್ಟು ಬೆಳೆಸಿಕೊಳ್ಳಬಹುದು. ಬಳಿಕ ತಕ್ಕ ರಾಸಾಯನಿಕಗಳನ್ನು ಕ್ರಮವಾಗಿ ನೀಡಿ ಅವುಗಳನ್ನು ಹೊರಚರ್ಮದ ಕೋಶಗಳಾಗಿ ಪರಿವರ್ತಿಸುತ್ತಾರೆ. ಒಳಚರ್ಮದ ಕೋಶಗಳನ್ನು ಬೆರೆಸಿದ ಕೊಲಾಜೆನ್ ಲೋಳೆಯ ಮೇಲೆ ಇವನ್ನು ಬಿತ್ತುತ್ತಾರೆ. ಕೆಳಭಾಗ ಪೋಷಕ ದ್ರವವನ್ನು ಹೀರುತ್ತಿರುವಂತೆ, ಮೇಲ್ಭಾಗ ಗಾಳಿಗೆ ತೆರೆದಿರುವಂತೆ ಇಟ್ಟಾಗ ಕೋಶಗಳು ಪದರ ಪದರವಾಗಿ ಜೋಡಣೆಗೊಂಡು, ಮೇಲೆ ಒಣ ಹೊದಿಕೆಯೊಂದು ಮೂಡುತ್ತದೆ. ಆಕರಕೋಶಗಳಿಂದಲೇ ಎರಡೂ ಪದರಗಳನ್ನು ರಚಿಸಿದ ಚರ್ಮವನ್ನು ಅಮೆರಿಕದ ಸಂಶೋಧಕರು 2013ರಲ್ಲಿ ಪ್ರಕಟಪಡಿಸಿದರು.

ಈ ವಿಧಾನದ ನಿಜವಾದ ಬಲ ಹೋಲಿಕೆಯಲ್ಲಿದೆ. ರೋಗಿಯ ಆಕರಕೋಶಗಳ ಒಂದು ಪಾಲನ್ನು ಹಾಗೆಯೇ ಉಳಿಸಿಕೊಂಡು, ಇನ್ನೊಂದು ಪಾಲಿನಲ್ಲಿ ಕ್ರಿಸ್ಪರ್ ಎಂಬ ಜೀನು ತಿದ್ದುವ ತಂತ್ರದಿಂದ ದೋಷವೊಂದನ್ನು ಮಾತ್ರ ಸರಿಪಡಿಸುತ್ತಾರೆ. ಎರಡರಿಂದಲೂ ಚರ್ಮವನ್ನು ಬೆಳೆಸಿದಾಗ ಕಂಡುಬರುವ ವ್ಯತ್ಯಾಸಕ್ಕೆ ಆ ದೋಷವೇ ಕಾರಣವೆಂದು ವಿಶ್ವಾಸದಿಂದ ಹೇಳಲು ಸಾಧ್ಯವಾಗುತ್ತದೆ. ಔಷಧಗಳ ಪರಿಣಾಮವನ್ನೂ ಮಗುವಿಗೆ ನೋವಾಗದಂತೆ ಮೊದಲು ಇಲ್ಲಿಯೇ ಪರೀಕ್ಷಿಸಬಹುದು.

2020ರಲ್ಲಿ ಕಾರ್ಲ್ ಕೊಯ್ಲರ್ ಅವರ ತಂಡ ಅಮೆರಿಕದಲ್ಲಿ ಇನ್ನೂ ಮುಂದೆ ಸಾಗಿತು. ನಾಲ್ಕೈದು ತಿಂಗಳು ಬೆಳೆಸಿದ ಆಕರಕೋಶಗಳ ಪುಟ್ಟ ಉಂಡೆಗಳಲ್ಲಿ ಎರಡೂ ಪದರಗಳು, ಕೂದಲಿನ ಬುಡಗಳು, ಜಿಡ್ಡಿನ ಗ್ರಂಥಿಗಳು, ನರತಂತುಗಳು ರೂಪುಗೊಂಡವು.

ಫಲ ಮತ್ತು ಮಿತಿ

ಚರ್ಮ ಬೆಳೆಸುವ ವಿದ್ಯೆ ಚಿಕಿತ್ಸೆಗೂ ನೆರವಾಗಿದೆ. 2015ರಲ್ಲಿ ಲ್ಯಾಮಿನಿನ್ ದೋಷದಿಂದ ಹೊರಚರ್ಮದ ಬಹುಭಾಗವನ್ನು ಕಳೆದುಕೊಂಡಿದ್ದ 7 ವರ್ಷದ ಬಾಲಕನೊಬ್ಬನಿಗೆ ಜರ್ಮನಿಯ ಬೋಖುಮ್ ನಗರದಲ್ಲಿ ಚಿಕಿತ್ಸೆ ಆರಂಭವಾಯಿತು. ಇಟಲಿಯ ಮೊಡೆನಾದಲ್ಲಿ ಮಿಕೆಲೆ ದೆ ಲುಕಾ ಅವರ ತಂಡ ಆತನ ಚರ್ಮದ ಕೋಶಗಳಿಗೆ ಸರಿಯಾದ ಜೀನನ್ನು ಸೇರಿಸಿ ಚರ್ಮದ ಹಾಳೆಗಳನ್ನು ಬೆಳೆಸಿತು. ಆತನ ಹೊರಚರ್ಮದ ಶೇಕಡಾ 80ರಷ್ಟು ಹೊಸದಾಯಿತು. ಇದರ ಅಧ್ಯಯನದಿಂದ, ದೀರ್ಘಾಯುವಾದ ಕೆಲವೇ ಆಕರಕೋಶಗಳು ಇಡೀ ಹೊರಚರ್ಮವನ್ನು ನಿರಂತರವಾಗಿ ನವೀಕರಿಸುತ್ತವೆ ಎಂಬುದು 2017ರಲ್ಲಿ ಸ್ಪಷ್ಟಪಟ್ಟಿತು. ಕೊಲಾಜೆನ್ ದೋಷದ ಬಗೆಗೆ, ರೋಗಿಯದೇ ಕೋಶಗಳನ್ನು ತಿದ್ದಿ ಬೆಳೆಸಿದ ಹಾಳೆಗಳ ಬಳಕೆಗೆ ಅಮೆರಿಕ 2025ರಲ್ಲಿ ಅನುಮತಿ ನೀಡಿತು.

ಆದರೂ ಪ್ರಯೋಗಶಾಲೆಯ ಚರ್ಮ ದೇಹದ ಚರ್ಮಕ್ಕೆ ಸರಿಸಾಟಿಯಲ್ಲ. ಅದರಲ್ಲಿ ಸಾಮಾನ್ಯವಾಗಿ ರಕ್ತಪರಿಚಲನೆಯಿಲ್ಲ, ರೋಗನಿರೋಧಕ ಕೋಶಗಳಿಲ್ಲ. ಅದು ಪ್ರಾಯದ ಚರ್ಮಕ್ಕಿಂತ ಗರ್ಭಸ್ಥ ಶಿಶುವಿನ ಚರ್ಮವನ್ನು ಹೆಚ್ಚಾಗಿ ಹೋಲುತ್ತದೆ. ವೆಚ್ಚವೂ ಅಪಾರ.

ಈ ವಿಷಯ ಕರ್ನಾಟಕಕ್ಕೆ ದೂರದ್ದೇನೂ ಅಲ್ಲ. ಸೋದರಮಾವ ಮತ್ತು ಸೋದರಸೊಸೆಯ ವಿವಾಹ, ಸೋದರಿಕೆಯ ಸಂಬಂಧ ಇಲ್ಲಿ ಬಹುಕಾಲದಿಂದ ರೂಢಿಯಲ್ಲಿವೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಪೂರ್ವಜರೊಬ್ಬರಿಂದ ಬಂದ ಒಂದೇ ದೋಷಯುಕ್ತ ಜೀನು ಇಬ್ಬರಲ್ಲಿಯೂ ಇರುವ ಸಂಭವ ಹೆಚ್ಚು. ಹಾಗಿದ್ದಾಗ ಪ್ರತಿಯೊಂದು ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತಸಂಬಂಧವಿಲ್ಲದ ದಂಪತಿಗಳಿಗೂ ಹೀಗಾಗುವುದುಂಟು. ಆದುದರಿಂದ ತಾಯಿಯನ್ನು ದೂರುವುದು ಅನ್ಯಾಯ. ಕುಟುಂಬದಲ್ಲಿ ಇಂತಹ ಮಗುವಿದ್ದರೆ ತಜ್ಞವೈದ್ಯರ ಸಲಹೆ ಪಡೆಯುವುದೇ ವಿವೇಕ.

ಚಿಕಿತ್ಸೆ ಎಲ್ಲರ ಕೈಗೆಟುಕುವ ದಿನ ಬರುವವರೆಗೂ ಮಾಡಬಹುದಾದ ಒಂದು ಕೆಲಸವಿದೆ. ಮೈತುಂಬ ಪಟ್ಟಿ ಕಟ್ಟಿಕೊಂಡ ಮಗುವೊಂದು ಶಾಲೆಯ ಬಾಗಿಲಿಗೆ ಬಂದಾಗ ಅಂಟುರೋಗವೆಂದು ಹಿಂದಕ್ಕೆ ಕಳುಹಿಸದೆ, ನೂಕುನುಗ್ಗಲಿಲ್ಲದ ಕಡೆ ಮೆತ್ತನೆಯ ಆಸನ ಹಾಕಿಕೊಟ್ಟು ಪಾಠ ಹೇಳುವುದು. ಅದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ತಿಳಿವಳಿಕೆಯುಳ್ಳ ಉಪಾಧ್ಯಾಯರೊಬ್ಬರು ಸಾಕು.